ದಕ್ಕೆಯಲ್ಲಿ ಕೂಗಿದವಳು

ಫಳ್ನೀರಿನ ಏರಿನಲ್ಲಿ, ಎತ್ತರದ ಮುರಕಲ್ಲಿನ ಗೋಡೆಯೊಳಗೆ, ಆಗ ಒಂದು ಉದ್ದನೆಯ ಹಂಚಿನ ಕಟ್ಟಡವಿತ್ತು. ಊರಿನ ನಾಲ್ಕು ಜನ ಉಳ್ಳವರು ಕೂಡಿ ನಡೆಸುತ್ತಿದ್ದ ಧರ್ಮದ ಆಸ್ಪತ್ರೆ ಅದು. ತಲೆ ಕೆಟ್ಟ ಎಳೆಯ ಪ್ರಾಯದ ಹುಡುಗಿಯರನ್ನು ಅಲ್ಲಿ ಬೀಗದೊಳಗಿಟ್ಟು ಔಷಧಿ ಮಾಡುತ್ತಿದ್ದರು. ಜೈಲಿನಲ್ಲಿ ಕೊಳೆಯುವುದಕ್ಕಿಂತ, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕಾಲಿಗೆ ಸಂಕೋಲೆ ಹಾಕಿಸಿಕೊಂಡು ಕೂರುವುದಕ್ಕಿಂತ ಇದು ವಾಸಿ ಎಂದು ಸರಕಾರವೂ ಒಪ್ಪಿತ್ತು. ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ಏನೋ ಚಂದದ ಹೆಸರು ಬರೆದಿದ್ದರು. ಜನ ಹೇಳುತ್ತಿದ್ದುದು ಮಾತ್ರ ಬೀಗದ ಮನೆ ಎಂದೇ.

ಕಿನ್ನಿ ಅಲ್ಲಿಗೆ ಬಂದದ್ದು ಪೊಲೀಸರ ಜೊತೆ. ಜೆಪ್ಪಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದ ದೇಯಿಯ ಒಬ್ಬಳೇ ಮಗಳು ಅವಳು. ಮದುವೆಯಾಗಿ, ಹೆತ್ತು, ಹೆತ್ತ ಮಗುವಿಗೆ ಹೆಸರಿಡುವ ಮೊದಲೇ ಅದನ್ನು ಮಣ್ಣು ಮಾಡಿ, ಇಷ್ಟೆಲ್ಲ ಆಗುವಾಗ ಅವಳಿಗೆ ಹದಿನೇಳು ದಾಟಿರಲಿಲ್ಲ. ಗಂಡನ ಮನೆಯವರು ತವರಿಗೆ ತಂದು ಬಿಟ್ಟು ಹೋದರು. ಆಮೇಲೆ ಅವಳಿಗೆ ಮಗು ಅಳುವುದು ಕೇಳಿಸತೊಡಗಿತು. ಸಂಜೆ ಕಾರ್ಖಾನೆಯ ಸೀಟಿ ಊದುವ ಹೊತ್ತಿಗೆ ಶುರುವಾದರೆ ನಿಲ್ಲುತ್ತಲೇ ಇರಲಿಲ್ಲ. ನೆರೆಮನೆಯಲ್ಲೆಂದು ಅಲ್ಲಿ ಹೋಗಿ ನೋಡುವಳು, ಬಾವಿಕಟ್ಟೆಯ ಹತ್ತಿರವೆಂದು ಅಲ್ಲಿಗೆ ಓಡುವಳು. ದೇಯಿ ನೂಲು ಮಂತ್ರಿಸಿ ಕಟ್ಟಿಸಿದಳು, ದೈವದ ಮುಂದೆ ಕೈಮುಗಿದು ಕೇಳಿದಳು. ಯಾವುದೂ ಹಿಡಿಯಲಿಲ್ಲ. ಕೊನೆಗೊಂದು ಬೆಳಿಗ್ಗೆ ಕಿನ್ನಿ ಮಿಂದು, ತಲೆ ಬಾಚಿ, ಅಮ್ಮನಿಗೆ ಗಂಜಿ ಬಡಿಸಿ ಕೊಟ್ಟು, ಮನೆಯಿಂದ ಹೊರಬಿದ್ದಳು. ಗುರುತಿಲ್ಲದವರ ಜಗಲಿಯ ತೊಟ್ಟಿಲಿನಿಂದ ಒಂದು ಕೂಸನ್ನು ಎತ್ತಿಕೊಂಡು ಬಜಪೆಯ ದಾರಿ ಹಿಡಿದಳು. ಜನ ಅವಳನ್ನು ಹಿಡಿದಾಗ ಮಾವಿನ ಮರದಡಿ ಕೂತು ಕೂಸಿಗೆ ಬತ್ತಿದ ಎದೆ ಕೊಡುತ್ತಿದ್ದಳು. ಕೂಸಿಗೆ ಏನೂ ಆಗಿರಲಿಲ್ಲ. ಕಿನ್ನಿಯ ಬೆನ್ನಿನ ಮೇಲೆ ಬಿದ್ದ ಪೆಟ್ಟಿನ ಗುರುತು ಮಾತ್ರ ಬಹಳ ಕಾಲ ಉಳಿಯಿತು.

ಬೀಗದ ಮನೆಯಲ್ಲಿ ಅವಳ ಚಾಪೆಯ ಪಕ್ಕದ ಚಾಪೆ ಝುಬೈದಾಳದ್ದು. ಅದರ ಮೇಲೆ ಯಾರೂ ಮಲಗಿದ್ದನ್ನು ಕಿನ್ನಿ ಮೊದಮೊದಲು ಕಾಣಲೇ ಇಲ್ಲ. ಝುಬೈದಾ ನಡೆಯುತ್ತಿದ್ದಳು. ಗೋಡೆಯ ಬುಡ ಹಿಡಿದು ಈ ಕೊನೆಯಿಂದ ಆ ಕೊನೆಗೆ, ಆ ಕೊನೆಯಿಂದ ಈ ಕೊನೆಗೆ. ಬಂದರಿನಲ್ಲಿ ಅಂಗಡಿಯಿದ್ದ ಅಹ್ಮದ್ ಬಾವ ಎಂಬ ವ್ಯಾಪಾರಿಯ ಮಗಳು. ಅವಳಿಗೆ ಹೀಗಾದದ್ದು ಯಾಕೆಂದು ಮನೆಯವರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಒಂದು ರಂಜಾನಿನಲ್ಲಿ ನಿದ್ದೆ ಬಿಟ್ಟಿತು. ಮಾತು ಹೆಚ್ಚಾಯಿತು. ಮಹಡಿಯ ಹಂಚಿನ ಮೇಲೆ ಹತ್ತಿ ಓಡಾಡಿದಳು, ಅಂಗಡಿಯ ಹೊಸ ಬಟ್ಟೆಯನ್ನೆಲ್ಲ ತಂದು ಬಾವಿಗೆ ಹಾಕಿದಳು, ತಡೆಯಲು ಬಂದ ಅಣ್ಣನ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದಳು.

"ಸ್ವಲ್ಪ ಕೂತ್ಕೊಳ್ಳೇ ಮಾರಾಯ್ತಿ, ನೋಡಿ ನೋಡಿ ನನಗೆ ತಲೆ ತಿರುಗ್ತದೆ," ಎಂದಳು ಕಿನ್ನಿ ಒಂದು ದಿನ.

"ಕೂತ್ರೆ ಕಾಲೊಳಗೆ ಇರುವೆ ಹರಿದ ಹಾಗೆ ಆಗ್ತದೆ. ನಿನಗೆ ಎಂತ ಆಗ್ತದೆ?"

"ಮಗು ಅಳುವುದು ಕೇಳ್ತದೆ."

ಉಳಿದವರೆಲ್ಲ ಈ ಮಾತಿಗೆ ನಗುತ್ತಿದ್ದರು, ಇಲ್ಲವೇ ಗದರುತ್ತಿದ್ದರು. ಝುಬೈದಾ ನಿಂತಳು. ತಲೆ ವಾರೆ ಮಾಡಿ ಬಹಳ ಹೊತ್ತು ಕಿವಿಗೊಟ್ಟು ಕೇಳಿದಳು.

"ಈಗ ನಿಂತಿತು," ಎಂದಳು. ಮತ್ತೆ ನಡೆಯತೊಡಗಿದಳು.

ವಿಚಿತ್ರವೆಂದರೆ, ಆ ಹೊತ್ತಿಗೆ ಅದು ನಿಂತೇ ಇತ್ತು. ಅಂದಿನಿಂದ ಇಬ್ಬರಿಗೂ ಗಂಟು ಬಿತ್ತು. ಮಾತೆಲ್ಲ ತುಳುವಿನಲ್ಲಿ. ಸಿಟ್ಟು ಏರಿದಾಗ ಮಾತ್ರ ಝುಬೈದಾ ತನ್ನ ಬ್ಯಾರಿ ಮಾತಿಗೆ ಹಾರುತ್ತಿದ್ದಳು. ಅವಳು ನಡೆಯುವಾಗ ಕಿನ್ನಿಯೂ ಜೊತೆಗೆ ನಡೆಯುವಳು. ಸಂಜೆ ಕಿನ್ನಿ ಎದೆ ಹಿಡಿದುಕೊಂಡು ಕಿಟಕಿಯ ಸರಳಿಗೆ ಹಣೆ ಒತ್ತಿ ನಿಂತರೆ ಝುಬೈದಾ ಬಂದು ಪಕ್ಕದಲ್ಲಿ ನಿಲ್ಲುವಳು. ಇಬ್ಬರಲ್ಲಿ ಒಬ್ಬರಿಗೂ ಒಂದು ಕಡೆ ನೆಲೆ ನಿಲ್ಲಲು ಆಗುತ್ತಿರಲಿಲ್ಲ. ಮುದ್ದು ಎಂಬವಳು ಅಲ್ಲಿನ ಆಯಾ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡ ದಪ್ಪ ಹೆಂಗಸು. "ಎರಡೂ ಸೇರಿ ನೆಲ ಸವೆಸಿ ಪಾತಾಳಕ್ಕೆ ಇಳೀತೀರಿ ನೀವು," ಎಂದು ಬೈಯುತ್ತಿದ್ದಳು. ಕೆಟ್ಟವಳಲ್ಲ. ಹೊಡೆಯುವುದಕ್ಕಿಂತ ಹೆಚ್ಚು ಬೈಯುತ್ತಿದ್ದಳು, ಬೈದದ್ದಕ್ಕಿಂತ ಹೆಚ್ಚು ಉಣಿಸುತ್ತಿದ್ದಳು. ಆದರೆ ಅವಳು ತಿರುಗಿದಾಗಲೆಲ್ಲ ಸೊಂಟದ ಕಬ್ಬಿಣ ಝಣ್ ಎನ್ನುತ್ತಿತ್ತು. ಆ ಸದ್ದಿಗೆ ಹುಡುಗಿಯರು ಬೆಚ್ಚುತ್ತಿದ್ದರು.

ವಾರಕ್ಕೆ ಎರಡು ಸಲ ಬರುತ್ತಿದ್ದವರು ಮೊರಿಸ್ ಡಾಕ್ಟರು. ನರೆತ ಮೀಸೆಯ, ಮೆತ್ತಗೆ ಮಾತಾಡುವ ಮನುಷ್ಯ. ನಿದ್ದೆ ಬರಿಸುವ ಕೆಟ್ಟ ವಾಸನೆಯ ಮದ್ದು ಕೊಡುತ್ತಿದ್ದರು. ಹಾರಾಟ ಹೆಚ್ಚಾದವರನ್ನು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಲು ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚಿನದ್ದು ಆಗ ಯಾರ ಕೈಯಲ್ಲೂ ಇರಲಿಲ್ಲ.

ಬೇಸಗೆ ಬಲಿಯುವ ಹೊತ್ತಿಗೆ ಎರಡು ಸಂಗತಿಗಳು ನಡೆದವು. ಒಂದು, ಡಾಕ್ಟರು ಮುದ್ದುವಿನ ಹತ್ತಿರ ಹೇಳಿದ ಮಾತು ಕಿನ್ನಿಯ ಕಿವಿಗೆ ಬಿತ್ತು.

"ಈ ಕಿನ್ನಿಯದ್ದು ಬೇಗ ಗುಣ ಆಗುವ ಹಾಗೆ ಕಾಣುವುದಿಲ್ಲ. ಮಳೆಗಾಲಕ್ಕೆ ಮೊದಲು ಕಲ್ಲಿಕೋಟೆಯ ದೊಡ್ಡ ಆಸ್ಪತ್ರೆಗೆ ಕಳಿಸುವುದು ಒಳ್ಳೆಯದು."

ಕಲ್ಲಿಕೋಟೆ! ಅಮ್ಮ ವಾರಕ್ಕೊಮ್ಮೆ ನಡೆದು ಬಂದು ಸರಳಿನಾಚೆ ನಿಂತು ಮುಖ ನೋಡಿ ಹೋಗುತ್ತಿದ್ದಳು. ರೈಲು ಹತ್ತಿ ಹೋಗುವ ದೂರಕ್ಕೆ ಅವಳು ಬರುವುದುಂಟೇ?

ಎರಡನೆಯದು, ಝುಬೈದಾ ನಡೆಯುವುದನ್ನು ನಿಲ್ಲಿಸಿದಳು. ಮೊದಲು ಮಾತು ನಿಂತಿತು. ಹಲವು ದಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಬಿದ್ದುಕೊಂಡಿದ್ದಳು. ಆಮೇಲೆ ಒಂದು ಬೆಳಿಗ್ಗೆ ತಾನಾಗಿ ಎದ್ದು ಮುಖ ತೊಳೆದಳು, ಕೊಟ್ಟದ್ದನ್ನು ಉಂಡಳು, ಮುದ್ದುವಿನ ಹತ್ತಿರ ನಕ್ಕು ಮಾತಾಡಿದಳು. ನೋಡಿ ಹೋಗಲು ಬಂದ ಅವಳ ತಾಯಿ ಸಾರಮ್ಮನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಡಾಕ್ಟರ ಮುಖವೂ ಅರಳಿತು.

"ಇಳಿದಿದೆ. ಹೀಗೇ ಇದ್ದರೆ ಮನೆಗೆ ಕಳಿಸಬಹುದು."

ಕಿನ್ನಿಗೂ ಸಂತೋಷವೇ. ಝುಬೈದಾ ತನ್ನ ಬಾಚಣಿಗೆಯನ್ನು ಅವಳಿಗೆ ಕೊಟ್ಟಳು. ಒಳ್ಳೆಯ ಕೊಂಬಿನ ಬಾಚಣಿಗೆ.

"ನಿನಗೆ ಬೇಡವಾ?"

"ನೀನು ಇಟ್ಕೋ."

ಬಾವಿಯ ನೀರು ತಳ ಕಂಡಾಗ ಅದರ ಕೆಸರು ತೆಗೆಸಲು ಆಳುಗಳು ಬಂದರು. ಗಂಡಸರು ಬಾವಿಯೊಳಗಿಳಿದು ಕೆಸರು ತುಂಬಿ ಕೊಟ್ಟರೆ, ಹೆಂಗಸರು ಬುಟ್ಟಿ ಹೊತ್ತು ಹಿಂದಿನ ಗೇಟಿನಿಂದ ಹೊರಗೆ ಹೋಗಿ ಗುಡ್ಡದ ಬದಿಯಲ್ಲಿ ಸುರಿದು ಬರಬೇಕು. ಬೆಳಗಿನಿಂದ ಆ ಗೇಟು ತೆರೆದೇ ಇತ್ತು. ಕಾವಲಿನವ ಬಾವಿಕಟ್ಟೆಗೆ ಒರಗಿ ಒಳಗಿದ್ದವರ ಜೊತೆ ಹರಟುತ್ತಿದ್ದ. ಹುಡುಗಿಯರಲ್ಲಿ ಸ್ವಲ್ಪ ನೆಟ್ಟಗಿದ್ದವರನ್ನು ಮುದ್ದು ಒಗೆದ ಬಟ್ಟೆ ಹರವಲು ಅಂಗಳಕ್ಕೆ ಬಿಟ್ಟಿದ್ದಳು. ಗುಣವಾಗುತ್ತಿದ್ದಾಳೆಂದು ಝುಬೈದಾಳನ್ನೂ, ಅವಳ ಜೊತೆಗೆ ಕಿನ್ನಿಯನ್ನೂ.

"ಕಿನ್ನಿ, ನಿನಗೆ ತಲೆಹೊರೆ ಅಭ್ಯಾಸ ಉಂಟಲ್ಲ?" ಎಂದಳು ಝುಬೈದಾ, ಬಟ್ಟೆ ಹಿಂಡುತ್ತಾ.

"ಮಣ್ಣು ಹೊತ್ತೇ ದೊಡ್ಡವಳಾದದ್ದು. ಯಾಕೆ?"

"ಸೀರೆ ಮೊಣಕಾಲಿಗೆ ಎತ್ತಿ ಕಟ್ಟು. ಮುಖಕ್ಕೆ ಸ್ವಲ್ಪ ಕೆಸರು ಬಳಿ. ಹೊರಗೆ ಹೋಗುವ."

ಕಿನ್ನಿ ಗೇಟಿನ ಕಡೆ ನೋಡಿದಳು. "ಹಿಡಿದ್ರೆ?"

"ಹಿಡಿದ್ರೆ ಒಳಗೆ ಹಾಕ್ತಾರೆ. ಒಳಗೇ ಇದ್ದೇವಲ್ಲ."

ಕಲ್ಲಿಕೋಟೆಯ ರೈಲು ಕಿನ್ನಿಯ ಕಣ್ಣ ಮುಂದೆ ಬಂತು. ಅವಳು ಮತ್ತೆ ಯೋಚಿಸಲಿಲ್ಲ. ಹುಲ್ಲು ಸುತ್ತಿ ಸಿಂಬೆ ಮಾಡಿ ತಲೆಗಿಟ್ಟುಕೊಂಡಳು, ಬಾವಿಯ ಬಳಿ ತುಂಬಿಟ್ಟಿದ್ದ ಎರಡು ಬುಟ್ಟಿಗಳಲ್ಲಿ ಒಂದನ್ನು ಝುಬೈದಾಳ ತಲೆಗೇರಿಸಿ, ಇನ್ನೊಂದನ್ನು ತಾನು ಹೊತ್ತಳು. ಕೆಸರು ನೀರು ಕಿವಿಯ ಬದಿಯಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಕಾವಲಿನವ ಒಮ್ಮೆ ಈ ಕಡೆ ನೋಡಿದ. "ಬೇಗ ಬೇಗ ನಡೀರಿ," ಎಂದ. ಅವರು ಬೇಗ ಬೇಗ ನಡೆದರು.

ಗುಡ್ಡದ ಬದಿಯಲ್ಲಿ ಬುಟ್ಟಿ ಬಿಸಾಡಿ, ಒಂದು ಕಟ್ಟೆಯ ನೀರಿನಲ್ಲಿ ಮುಖ ತೊಳೆದು, ಸೀರೆ ಇಳಿಸಿ, ಇಬ್ಬರೂ ಇಳಿಜಾರಿನಲ್ಲಿ ಓಡುನಡಿಗೆ ಹಾಕಿದರು. ಕಿನ್ನಿಗೆ ಹಿಂದಿನಿಂದ ಬೀಗದ ಕೈಗಳ ಝಣ್ ಕೇಳಿದಂತಾಗುವುದು, ತಿರುಗಿ ನೋಡಿದರೆ ಯಾರೂ ಇಲ್ಲ. ಎದುರಿಗೆ ಬಂದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುವುದು.

ಹಂಪನಕಟ್ಟೆಯಲ್ಲಿ ಬಿಸಿಲು ಕಾಯುತ್ತಿತ್ತು. ಜಟಕಾಗಳು, ಬಂಡಿಗಳು, ಹಾರ್ನ್ ಹೊಡೆದುಕೊಂಡು ನಿಂತ ಒಂದು ಬಸ್ಸು. ಇಷ್ಟು ಸದ್ದು ಕೇಳಿ ಎಷ್ಟು ಕಾಲವಾಗಿತ್ತು! ಅಷ್ಟರಲ್ಲಿ ಅಳು ಕೇಳಿತು. ಕಿನ್ನಿ ಕಲ್ಲಿನಂತೆ ನಿಂತಳು. ತರಕಾರಿ ಮಾರುವ ಹೆಂಗಸೊಬ್ಬಳು ಗೋಣಿಯ ಮೇಲೆ ಮಲಗಿಸಿದ್ದ ಕೂಸು ಕೈಕಾಲು ಬಡಿದು ಕಿರುಚುತ್ತಿತ್ತು. ತಾಯಿ ಗಿರಾಕಿಯ ಜೊತೆ ಚೌಕಾಸಿಯಲ್ಲಿದ್ದಳು. ಕಿನ್ನಿಯ ಕೈಗಳು ತಾವಾಗಿಯೇ ಮುಂದೆ ಬಂದವು. ಅವುಗಳನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡಳು. ಬೆವರು ಕಣ್ಣಿಗಿಳಿಯಿತು.

"ಝುಬೈದಾ, ಅದು ಅಳ್ತಾ ಉಂಟಾ?"

"ಉಂಟು. ಇದು ನಿಜವಾದ ಮಗು. ಅದರ ಅಮ್ಮ ಅಲ್ಲೇ ಇದ್ದಾಳೆ, ನೋಡು." ಝುಬೈದಾ ಅವಳ ತೋಳು ಹಿಡಿದು ರಸ್ತೆಯ ಆಚೆ ಬದಿಗೆ ದಾಟಿಸಿದಳು. ಅವಳ ಕೈ ತಣ್ಣಗಿತ್ತು, ಒಂಚೂರೂ ನಡುಗುತ್ತಿರಲಿಲ್ಲ. "ಇಲ್ಲಿಂದ ನೀನು ಜೆಪ್ಪಿಗೆ ಹೋಗು. ದಾರಿ ಗೊತ್ತುಂಟಲ್ಲ?"

"ನೀನು?"

"ನಾನು ಬಂದರಿಗೆ."

"ಮನೆಗಾ? ಮನೆಯವರು ಪುನಃ ತಂದು ಬಿಡುವುದಿಲ್ಲವಾ?"

ಝುಬೈದಾ ನಕ್ಕಳು. "ಹೋಗು ಮಾರಾಯ್ತಿ," ಎಂದಳು. ತಿರುಗಿ ಇಳಿಜಾರಿನಲ್ಲಿ ಹೊರಟಳು.

ಕಿನ್ನಿ ಜೆಪ್ಪಿನ ಕಡೆಗೆ ನಡೆದಳು. ಅಮ್ಮ ಈಗ ಕಾರ್ಖಾನೆಯಲ್ಲಿರುತ್ತಾಳೆ, ಮನೆಯ ಹಿಂದೆ ಅಡಗಿ ಕೂರಬೇಕು, ಸಂಜೆ ಅಮ್ಮ ಬಂದ ಮೇಲೆ ಎಲ್ಲಿಗಾದರೂ, ಮೂಡುಬಿದಿರೆಯ ಕಡೆಯ ನೆಂಟರ ಮನೆಗಾದರೂ ಹೋಗಬೇಕು. ಹೀಗೆ ಲೆಕ್ಕ ಹಾಕುತ್ತಾ ಸ್ವಲ್ಪ ದೂರ ಹೋದಳು. ಆದರೆ ಕಾಲು ತಡೆಯುತ್ತಿತ್ತು. ತೋಳಿನ ಮೇಲೆ ಆ ತಣ್ಣನೆಯ ಕೈ ಇನ್ನೂ ಇದ್ದಂತೆ. ನಡೆಯದೆ ಇರಲಾಗದ ಝುಬೈದಾ, ಕೂತರೆ ಇರುವೆ ಹರಿಯುವ ಝುಬೈದಾ, ಬೀಗದ ಮನೆಯಿಂದ ಓಡಿ ಬರುವಾಗಲೂ ಇಷ್ಟು ತಣ್ಣಗಿದ್ದಾಳೆ. ಯಾಕೆ?

ಆಗ ಅವಳಿಗೆ ತನ್ನದೇ ಒಂದು ಬೆಳಗು ನೆನಪಾಯಿತು. ಮಿಂದು, ತಲೆ ಬಾಚಿ, ಅಮ್ಮನಿಗೆ ಗಂಜಿ ಬಡಿಸಿದ ಬೆಳಗು. ಅಷ್ಟು ದಿನ ಹಿಂಡುತ್ತಿದ್ದ ತಲೆ ಆ ದಿನ ಹಗುರವಾಗಿತ್ತು. ಇನ್ನೊಬ್ಬರ ಕೂಸನ್ನು ತರುವುದೆಂದು ಮನಸ್ಸಿನಲ್ಲಿ ನಿಶ್ಚಯವಾಗಿತ್ತು, ಅದಕ್ಕೇ ಹಗುರ. ಅಮ್ಮನಿಗೂ ಅಂದು ಸಂತೋಷವಾಗಿತ್ತು, ಮಗಳು ಸರಿಯಾದಳೆಂದು.

ಬಾಚಣಿಗೆ ಬೇಡವೆಂದಳಲ್ಲ!

ಕಿನ್ನಿ ತಿರುಗಿ ಓಡಿದಳು. ಹಂಪನಕಟ್ಟೆ ದಾಟಿ, ಬಂಡಿಗಳ ನಡುವೆ ನುಗ್ಗಿ, ಯಾರದೋ ಬುಟ್ಟಿ ಬೀಳಿಸಿ ಬೈಗುಳ ತಿಂದು, ಬಂದರಿನ ಓಣಿಗಳಲ್ಲಿ ಕಾಫಿ ಬೀಜದ, ಒಣಮೀನಿನ ವಾಸನೆಯ ನಡುವೆ ಓಡಿದಳು. ಅಹ್ಮದ್ ಬಾವನ ಅಂಗಡಿ ಎಲ್ಲಿಯೆಂದು ಕೇಳಿದಾಗ ಒಬ್ಬ ಬಲಗಡೆ ಕೈ ತೋರಿಸಿದ. "ಒಬ್ಬಳು ಹುಡುಗಿ ಆ ಕಡೆ ಹೋದಳಾ?" ಎಂದಳು ಕಿನ್ನಿ.

"ಆ ಕಡೆ ಯಾರೂ ಹೋಗಲಿಲ್ಲ. ಒಬ್ಬಳು ಹುಡುಗಿ ಈಗ ದಕ್ಕೆಗೆ ಹೋದಳು, ನೋಡು."

ದಕ್ಕೆಯಲ್ಲಿ, ಹೊಳೆಯಂಚಿನ ಕಲ್ಲುಕಟ್ಟೆಯ ಉದ್ದಕ್ಕೂ, ಸರಕು ಸಾಗಿಸುವ ಹಾಯಿಯ ಮಂಜಿಗಳು ಸಾಲಾಗಿ ನಿಂತಿದ್ದವು. ಹಮಾಲಿಗಳು ಬೆನ್ನ ಮೇಲೆ ಗೋಣಿ ಹೊತ್ತು ಹಲಗೆಯ ಮೇಲೆ ಹೋಗಿ ಬರುತ್ತಿದ್ದರು. ಆಚೆ ಕೊನೆಯಲ್ಲಿ, ಮಂಜಿಗಳಿಲ್ಲದ ಕಡೆ, ಕಲ್ಲಿನ ಮೆಟ್ಟಿಲು ಹೊಳೆಗೆ ಇಳಿಯುತ್ತಿತ್ತು. ಝುಬೈದಾ ಸೊಂಟದವರೆಗೆ ನೀರಿನಲ್ಲಿದ್ದಳು. ಅವಸರವಿಲ್ಲದೆ ಮುಂದಕ್ಕೆ ಹೋಗುತ್ತಿದ್ದಳು.

"ಝುಬೈದಾ!"

ಅವಳು ತಿರುಗಲಿಲ್ಲ. ಕಿನ್ನಿಗೆ ಈಜು ಬಾರದು. ಹಮಾಲಿಗಳ ಕಡೆ ಓಡಿದಳು. "ಹಿಡೀರಿ! ಅವಳನ್ನು ಹಿಡೀರಿ!"

ಒಬ್ಬಿಬ್ಬರು ಗೋಣಿ ಕೆಳಗಿಟ್ಟರು. ಒಬ್ಬ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. "ಕಾಲು ತೊಳೀಲಿಕ್ಕೆ ಇಳಿದದ್ದಲ್ಲವಾ? ಹೆಂಗಸರು ಇರುವಲ್ಲಿಗೆ ನಾವು ಹೋಗುವುದು ಹೇಗೆ?"

"ಅದು ಅಹ್ಮದ್ ಬಾವನ ಮಗಳ ಹಾಗೆ ಕಾಣ್ತದೆ," ಎಂದ ಇನ್ನೊಬ್ಬ. "ಮೈ ಮುಟ್ಟಿದರೆ ನಾಳೆ ನಮ್ಮನ್ನು ಕೇಳ್ತಾರೆ."

ನೀರು ಈಗ ಝುಬೈದಾಳ ಎದೆಯವರೆಗೆ ಬಂದಿತ್ತು.

ಕಿನ್ನಿ ಎರಡೂ ಕೈಯೆತ್ತಿ, ಗಂಟಲು ಹರಿಯುವಂತೆ ಕೂಗಿದಳು: "ಹುಚ್ಚಿ ಅವಳು! ಫಳ್ನೀರಿನ ಬೀಗದ ಮನೆಯಿಂದ ಓಡಿ ಬಂದ ಹುಚ್ಚಿ! ನಾನೂ ಹುಚ್ಚಿ, ನಾನೂ ಅಲ್ಲಿಂದಲೇ ಓಡಿ ಬಂದದ್ದು! ಹಿಡೀರಿ!"

ದಕ್ಕೆಯೆಲ್ಲ ಈ ಕಡೆ ತಿರುಗಿತು. ಮರುಕ್ಷಣ ನಾಲ್ಕೈದು ಜನ ನೀರಿಗೆ ಹಾರಿದರು.

ಝುಬೈದಾಳನ್ನು ಮೇಲೆ ತಂದು ಮಲಗಿಸಿದಾಗ ಉಸಿರಿತ್ತು. ನೀರು ಕಕ್ಕಿ, ಕಣ್ಣು ಬಿಟ್ಟು, ಸುತ್ತ ನಿಂತವರ ಕಾಲುಗಳ ನಡುವೆ ಕಿನ್ನಿಯನ್ನು ಹುಡುಕಿದಳು. ಕಿನ್ನಿಯನ್ನು ಅಷ್ಟರಲ್ಲಿ ಇಬ್ಬರು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಅವಳೂ ಹುಚ್ಚಿಯಲ್ಲವೇ.

"ನೀನು ನನ್ನನ್ನು ಹಿಡಿದು ಕೊಟ್ಟಿ," ಎಂದಳು ಝುಬೈದಾ.

ಪೊಲೀಸರ ಬಂಡಿಯಲ್ಲಿ ಇಬ್ಬರನ್ನೂ ಮರಳಿ ತಂದರು. ಮುದ್ದು ಗೇಟಿನಲ್ಲೇ ಕಿನ್ನಿಯ ಕೆನ್ನೆಗೆ ಬಾರಿಸಿದಳು. "ನನ್ನ ಅನ್ನಕ್ಕೆ ಕಲ್ಲು ಹಾಕಿದಿಯಲ್ಲ!" ಎಂದು ಅಳುತ್ತಾ ಅವಳ ತಲೆಯ ಕೆಸರು ತೊಳೆದಳು. ಕಿನ್ನಿಯನ್ನು ಒಂಟಿ ಕೋಣೆಗೆ ಹಾಕಿದರು. ಗೋಡೆಯಾಚೆ ಝುಬೈದಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದರು. ಅವಳು ಬ್ಯಾರಿ ಮಾತಿನಲ್ಲಿ ಕಿರುಚುವುದು ಕೇಳುತ್ತಿತ್ತು. ಆ ಕೋಣೆಯಲ್ಲಿ ಕಿನ್ನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ. ಕೂಗಬಾರದಿತ್ತೇ? ತನ್ನನ್ನೇ ಒಬ್ಬರು ಹೀಗೆ ಎಳೆದು ತಂದಿದ್ದರೆ ತಾನು ಕ್ಷಮಿಸುತ್ತಿದ್ದೆನೇ? ಸಂಜೆ ಬಂದರೆ ಮಗು ಅಳುತ್ತಿತ್ತು, ಕಿವಿಗೊಟ್ಟು ಕೇಳುವವರು ಯಾರೂ ಇರಲಿಲ್ಲ.

ಡಾಕ್ಟರು ಬಂದು ಕೇಳಿದಾಗ ಕಿನ್ನಿ ಎಲ್ಲವನ್ನೂ ಹೇಳಿದಳು. ಕಲ್ಲಿಕೋಟೆಯ ಮಾತು ಕೇಳಿದ ಮೇಲೆ ಅವರಿಂದ ಅಡಗಿಸಿಟ್ಟಿದ್ದನ್ನೂ ಹೇಳಿದಳು, ಮಗು ಈಗಲೂ ಅಳುತ್ತದೆ ಎಂದು. ಡಾಕ್ಟರು ಕೊನೆಯವರೆಗೆ ಕೇಳಿದರು.

"ಹಂಪನಕಟ್ಟೆಯಲ್ಲಿ ಆ ಕೂಸನ್ನು ಯಾಕೆ ಎತ್ತಲಿಲ್ಲ?"

"ಅದರ ಅಮ್ಮ ಅಲ್ಲೇ ಇದ್ದಳು, ಡಾಕ್ಟ್ರೇ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕಲ್ಲಿಕೋಟೆಯ ಮಾತು ಅಂದು ಬರಲಿಲ್ಲ, ಆಮೇಲೂ ಬರಲಿಲ್ಲ.

ಮತ್ತೊಂದು ದಿನ ಸಾರಮ್ಮ ಬಂದಳು. ಮಗಳನ್ನು ನೋಡಿದ ಮೇಲೆ ಕಿನ್ನಿಯ ಕೋಣೆಯ ಮುಂದೆ ಬಂದು, ತಲೆಯ ಬಟ್ಟೆ ಸರಿಮಾಡಿಕೊಂಡು ನಿಂತಳು. ಕಿನ್ನಿ ಹೆದರಿ ಮೂಲೆಗೆ ಸರಿದಳು. ಬಂದರಿನ ನಡುಮಧ್ಯೆ ಅವಳ ಮಗಳನ್ನು ಹುಚ್ಚಿಯೆಂದು ಕೂಗಿದವಳಲ್ಲವೇ ತಾನು.

"ಇಲ್ಲಿ ಬಾ ಮಗಳೇ," ಎಂದಳು ಸಾರಮ್ಮ. "ನಿನ್ನ ಹೆಸರು ತೆಗೆದ್ರೆ ಝುಬೈದಾ ಉಗುಳ್ತಾಳೆ."

"ಗೊತ್ತುಂಟು."

"ಉಗುಳ್ಳಿ. ಉಗುಳ್ಳಿಕ್ಕೆ ಇದ್ದಾಳಲ್ಲ." ಹತ್ತಿರ ಬಂದ ಕಿನ್ನಿಯ ತಲೆಯನ್ನು ಸರಳಿನ ಒಳಗೆ ಕೈ ಹಾಕಿ ಸವರಿದಳು. ಬಹಳ ಹೊತ್ತು ಆ ಕೈ ಅಲ್ಲೇ ಇತ್ತು.

ಮಳೆಗಾಲ ಮುಗಿಯುವಾಗ, ಡಾಕ್ಟರು ಒಪ್ಪಿದ ಮೇಲೆ, ದೇಯಿ ಮಗಳನ್ನು ಮನೆಗೆ ಕರೆದುಕೊಂಡು ಹೋದಳು. ಅಳು ಪೂರ್ತಿ ನಿಂತಿರಲಿಲ್ಲ, ಆದರೆ ಅದು ಬಂದಾಗ ಅದರ ಹಿಂದೆ ಓಡದಿರಲು ಕಿನ್ನಿ ಕಲಿತಿದ್ದಳು. ತೊಟ್ಟಿಲಿರುವ ಮನೆಯ ಒಳಗೆ ಹೋಗುತ್ತಿರಲಿಲ್ಲ. ಅಮ್ಮನ ಜೊತೆ ಕಾರ್ಖಾನೆಗೆ ಹೋದಳು. ಮೊದಲ ರಜೆಯ ದಿನವೇ ಸೀರೆ ಉಟ್ಟು ಫಳ್ನೀರಿಗೆ ಹೊರಟಾಗ ದೇಯಿಗೆ ಸಿಟ್ಟು ಬಂತು.

"ಹೊರಗೆ ಬಂದವಳು ಪುನಃ ಆ ಗೇಟಿನ ಹತ್ತಿರ ಹೋಗುವುದು ಎಂತಕ್ಕೆ? ಆ ಹುಡುಗಿ ನಿನ್ನ ಮುಖ ನೋಡುವುದಿಲ್ಲ."

"ನಾನು ಅವಳ ಮುಖ ನೋಡಿ ಬರ್ತೇನೆ ಅಮ್ಮ."

ಝುಬೈದಾ ಕಿಟಕಿಯ ಕಡೆಗೆ ಬೆನ್ನು ಹಾಕಿ ಕೂತಿದ್ದಳು. ಕಿನ್ನಿ ಅಂಗಳದಲ್ಲಿ ನಿಂತು, ಹೊತ್ತಾದ ಮೇಲೆ ಹೋದಳು. ಮುಂದಿನ ಸಲವೂ ಅದೇ. ಅದರ ಮುಂದಿನ ಸಲ ಝುಬೈದಾ ಅವಳ ಕಡೆಗೆ ತಟ್ಟೆ ಎಸೆದಳು. ಕಿನ್ನಿ ಒಮ್ಮೊಮ್ಮೆ ದಾರಿಯಲ್ಲೇ ತಿರುಗಿ ಮನೆಗೆ ಹೋಗಬೇಕೆಂದು ನಿಲ್ಲುವಳು. ಆದರೂ ಏರು ಹತ್ತುವಳು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಝುಬೈದಾ ಕಿಟಕಿಯಲ್ಲಿ ಇತ್ತ ಮುಖ ಮಾಡಿ ನಿಂತಿದ್ದಳು. ತೀರಾ ಸೊರಗಿದ್ದಳು.

"ಎಂತಕ್ಕೆ ಬರ್ತಿ ನೀನು? ನನ್ನಿಂದ ಉಪಕಾರ ಹೇಳಿಸಿಕೊಳ್ಳಲಿಕ್ಕಾ?"

"ಬೇಡ."

"ಕೂಗದಿದ್ರೆ ನೀನು ಆವತ್ತೇ ಮನೆ ಸೇರ್ತಿದ್ದಿ."

"ಹೌದು."

"ಮಂಡೆ ಸಮ ಇಲ್ಲ ನಿನಗೆ."

"ಅದು ಡಾಕ್ಟ್ರೂ ಹೇಳಿದ್ದಾರೆ."

ಝುಬೈದಾ ಥಟ್ಟನೆ ಮುಖ ತಿರುಗಿಸಿಕೊಂಡಳು. ಅವಳ ಹೆಗಲು ಅಲುಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಕಿನ್ನಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

"ಇಲ್ಲಿ ದಿನಾ ಅದೇ ಸಪ್ಪೆ ಸಾರು," ಎಂದಳು ಝುಬೈದಾ, ಬೆನ್ನು ಹಾಕಿಕೊಂಡೇ. "ಬಾಯಿ ಸತ್ತು ಹೋಗಿದೆ. ಬರುವಾಗ ಒಣ ಸಿಗಡಿ ಚಟ್ನಿ ತಾ. ಉಮ್ಮ ತರುವುದರಲ್ಲಿ ಹುಳಿಯೇ ಇರುವುದಿಲ್ಲ. ಹುಳಿ ಜಾಸ್ತಿ ಹಾಕು."

ಆ ದಿನ ಕಿನ್ನಿ ನೇರ ಜೆಪ್ಪಿಗೆ ಹೋಗಲಿಲ್ಲ. ಒಣಮೀನಿನ ಹೆಂಗಸರು ಕೂತಿದ್ದಲ್ಲಿಗೆ ಹೋಗಿ, ಒಂದೊಂದು ರಾಶಿಯಲ್ಲೂ ಕೈಯಾಡಿಸಿ ನೋಡಿದಳು.

"ಮರಳು ಇಲ್ಲದ್ದು ಕೊಡಕ್ಕ," ಎಂದಳು. "ಸೌಖ್ಯ ಇಲ್ಲದವರಿಗೆ."